ಸಾಲುಮನೆ ಮಕ್ಕಳು ಕಿವುಡಾದ ದಿನ

ನಮ್ಮ ಮಿಲ್ಲಿನ ಮಗ್ಗಗಳು ಒಂದೇ ಸಲ ಎದ್ದರೆ ಹರಿಹರದ ಹೊಳೆಯಲ್ಲಿ ಮೀನು ಬೆಚ್ಚಿ ದಂಡೆಗೆ ಹಾರುತ್ತಿದ್ದವು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ಆ ಸದ್ದಿನೊಳಗೆ ದುಡಿದು ದಾವಣಗೆರೆಯ ಅರ್ಧ ಜನ ಅರ್ಧ ಕಿವಿ ಕಳಕೊಂಡಿದ್ದೆವು. ಬಾಯಿ ಅಲ್ಲಿ ಬೀಡಿ ಸೇದಲಿಕ್ಕಷ್ಟೇ, ಮಾತೆಲ್ಲ ಕೈಯಲ್ಲಿ. ನೂಲು ಹರಿಯಿತು, ಮೇಸ್ತ್ರಿ ಬಂದ, ಎಲ್ಲಕ್ಕೂ ಒಂದೊಂದು ಸನ್ನೆ. ನಾನಂತೂ ಎಡಗೈ ಒಂದರಲ್ಲೇ ಮೇಸ್ತ್ರಿಯ ಏಳು ತಲೆಮಾರು ಬೈದವನು.

ನೂಲು ಸುತ್ತುವ ಸುಂಕಲಮ್ಮನ ಮಗಳು ಉಚ್ಚಂಗಮ್ಮ ಹುಟ್ಟು ಕಿವುಡಿ. ಮಿಲ್ಲಿನವರ ನಮ್ಮ ಸಾಲುಮನೆಗಳಲ್ಲಿ ಅದು ಯಾರಿಗೂ ನೆನಪೇ ಇರಲಿಲ್ಲ. ನಮ್ಮ ಕೈಮಾತು ಅವಳಿಗೆ ನಮಗಿಂತ ಚುರುಕು. ಎಂಟು ವರ್ಷಕ್ಕೇ ನನ್ನನ್ನು ಅಣಕಿಸುತ್ತಿದ್ದಳು. ಆ ಧೈರ್ಯ ಮಾಡಿದವರು ಊರಲ್ಲಿ ಇನ್ನೊಬ್ಬರಿಲ್ಲ.

ಮಗಳ ತಲೆಗೆ ಎಣ್ಣೆ ಹಚ್ಚಿ ಸುಂಕಲಮ್ಮ ಶಾಲೆಗೆ ಕರೆದೊಯ್ದಳು. ನಾನೂ ಹೋದೆ. ಹೆಡ್‌ಮಾಸ್ತರ ಕರಿಬಸವರಾಜ ಮುಖ ಸಿಂಡರಿಸಿದ.

"ಕಿವುಡಿಗೆ ಯಾಕವ್ವ ಅಕ್ಷರ? ನನ್ನ ಪಾಠ ಅದಕ್ಕೆ ಕೇಳಿಸ್ತೈತೇನು?"

"ಕಣ್ಣದಾವಲ್ರೀ ಮೇಷ್ಟ್ರೇ. ಬೋರ್ಡಿನ ಮೇಲೆ ಬರೀರಿ, ನೋಡ್ಕಂತಾಳೆ," ಅಂದಳು ಸುಂಕಲಮ್ಮ.

"ಬರಿಯಾದು ಗಿರಿಯಾದು ನನಗಾಗಲ್ಲ. ನಂದು ಕೇಳೋ ಪಾಠ."

ಆ ಪಾಠ ನಾನು ಕಿಟಕಿಯಿಂದ ನೋಡಿದ್ದೆ. ಕುರ್ಚಿಗೆ ಒರಗಿ ಮಗ್ಗಿ ಹೇಳಿಸುತ್ತಿದ್ದ. ಎರಡರ ಮಗ್ಗಿ ಮುಗಿಯುವುದರೊಳಗೆ ಅವನ ಗೊರಕೆ ಹರದಾರಿಗಟ್ಟಲೆ ದೂರದ ಆನಗೋಡು ಮುಟ್ಟುತ್ತಿತ್ತು.

ಶಾಲಾ ಕಮಿಟಿಯ ಅಧ್ಯಕ್ಷ ಶಿವಮೂರ್ತಪ್ಪ ಅಲ್ಲೇ ಕೂತಿದ್ದ. ಮಿಲ್ಲಿನಲ್ಲೂ ಪಾಲುದಾರ. ಸ್ವರಾಜ್ಯ ಬಂದ ಮರುದಿನವೇ ಖಾದಿ ತೊಟ್ಟವನು. ಎಲೆಯಡಿಕೆ ಒಂದು ದವಡೆಗೆ ಸರಿಸಿದ.

"ಚಿಂತಿ ಯಾಕ ಸುಂಕ್ಲಿ? ದೊಡ್ಡಾಕಿ ಆಗ್ಲಿ, ಮಿಲ್ಲಿಗೆ ಕಳಿಸು. ಅಲ್ಲಿ ಕಿವಿ ಬೇಕಿಲ್ಲ. ಕಿವುಡಿ ಆದ್ರೆ ಇನ್ನೂ ಚಲೋ!"

ನಕ್ಕ. ಮೇಷ್ಟ್ರೂ ನಕ್ಕ. ಬಾಲವಿದ್ದಿದ್ದರೆ ಅಲ್ಲಾಡಿಸಿಯೂ ಬಿಡುತ್ತಿದ್ದ.

ಮರುದಿನ ಪಾಳಿಯಲ್ಲಿ ಸುಂಕಲಮ್ಮನ ಕೈ ಆಡಿತು. ಸುದ್ದಿ ಮಗ್ಗದಿಂದ ಮಗ್ಗಕ್ಕೆ ಹಾರಿತು. ಎದುರಿಗೇ ನಿಂತ ಮೇಸ್ತ್ರಿ, ನೊಣ ಓಡಿಸುತ್ತಿದ್ದಾರೆ ಅಂದುಕೊಂಡ. ಸಂಜೆಗೆ ಮಕ್ಕಳಿಗೂ ಮುಟ್ಟಿತು. ಉಪಾಯ ನನ್ನದೇ ಅಂತ ಊರೆಲ್ಲ ಸಾರಿದ್ದೇನೆ; ಸುಂಕಲಮ್ಮ ಇನ್ನೂ ಅಲ್ಲ ಅಂದಿಲ್ಲ.

ಬೆಳಿಗ್ಗೆ ಕರಿಬಸವರಾಜ ಹಾಜರಿ ಕೂಗಿದ.

"ಭರಮಣ್ಣ!" ಉತ್ತರವಿಲ್ಲ. "ದುರುಗವ್ವ!" ಇಲ್ಲ. ಇಡೀ ಶಾಲೆ ಅವನ ಬಾಯನ್ನೇ ನೋಡುತ್ತಾ ಕೂತಿತ್ತು. ಬೆತ್ತ ಎತ್ತಿದ. ಕಿಟಕಿಗಳ ತುಂಬ ಮಧ್ಯಾಹ್ನದ ಪಾಳಿಯವರ ಮುಖ. ಬೆತ್ತ ಇಳಿಸಿದ.

"ಏನಾಗೈತೆ ಇವಕ್ಕೆ?"

"ಎಲ್ಲಾ ಕಿವುಡಾಗ್ಯಾವ್ರೀ," ಬಾಗಿಲಲ್ಲಿ ನಿಂತ ಸುಂಕಲಮ್ಮ ಅಂದಳು. "ಎಲ್ಲಾರನೂ ಹೊರಗ ಹಾಕ್ರಿ. ಖಾಲಿ ಗ್ವಾಡಿಗೆ ಪಾಠ ಹೇಳ್ಕಂಡಿರ್ರಿ."

ಕೂಗಿದ, ಕಿರುಚಿದ, ಗಂಟಲು ಕಟ್ಟಿತು. ಕೊನೆಗೆ ಸೀಮೆಸುಣ್ಣ ಹಿಡಿದ, ಜನ್ಮದಲ್ಲೇ ಮೊದಲ ಸಲ. ಬೋರ್ಡಿನ ಮೇಲೆ 'ಅ' ಬರೆದು, ಬರೀರಿ ಅಂತ ಸ್ಲೇಟಿನ ಕಡೆ ಕೈ ತೋರಿಸಿದ.

ತಾಯಿಯ ಪಕ್ಕ ಬಾಗಿಲಲ್ಲಿ ನಿಂತಿದ್ದ ಉಚ್ಚಂಗಮ್ಮ ಒಳಗೆ ನಡೆದಳು. ಭರಮಣ್ಣ ಸರಿದು ಜಾಗ ಕೊಟ್ಟ. ಕೂತಳು, ಅವನ ಸ್ಲೇಟಿನ ಮೇಲೆ 'ಅ' ಬರೆದಳು.

ಅವಳನ್ನು ಬೈಯಲು ಮೇಷ್ಟ್ರು ಬಾಯಿ ತೆರೆದ. ಬರೀ ಗಾಳಿ ಬಂತು. ಕೈ ಚಾಚಿ ಬಾಗಿಲು ತೋರಿಸಿದ.

ಅವಳು ತಿರುಗಿ ಬಾಗಿಲು ನೋಡಿದಳು. ಅಷ್ಟೊತ್ತಿಗೆ ಕಿಟಕಿ ಬಿಟ್ಟು ನಾವೆಲ್ಲ ಅಲ್ಲಿಗೆ ಬಂದಿದ್ದೆವು. ಕೈ ಬೀಸಿ ನಮ್ಮನ್ನೆಲ್ಲ ಒಳಗೆ ಕರೆದಳು.

ಹೋದೆವು.