ಚಮಚವಿಲ್ಲದ ಹುಟ್ಟುಹಬ್ಬ

ಎಲ್ಪಿದಿಯೋನ ಕೈ ನಡುಗಲು ಶುರುವಾಗಿ ವರ್ಷ ತುಂಬುತ್ತ ಬಂದಿತ್ತು. ಲುಕ್ಬಾನ್ ಊರಿನಲ್ಲಿ ತಾಳೆನಾರಿನ ಟೋಪಿ ಹೆಣೆಯುವವರು ಬೀದಿಬೀದಿಗೂ ಸಿಗುತ್ತಾರೆ. ಆದರೆ ಅವನು ಹೆಣೆದ ಟೋಪಿಯಲ್ಲಿ ನೀರು ತುಂಬಿದರೂ ಸೋರುವುದಿಲ್ಲ ಎಂದು ಜನ ಹೇಳುತ್ತಿದ್ದರು. ಜನ ಹೇಳುವುದರಲ್ಲಿ ಅರ್ಧ ಸುಳ್ಳಿರುತ್ತದೆ. ಇದರಲ್ಲಿ ಕಾಲುಭಾಗ ಇದ್ದೀತು. ಅಂಥ ಕೈ ಈಗ ಒಂದು ಚಮಚ ಅನ್ನವನ್ನು ಬಾಯಿಗೆ ಮುಟ್ಟಿಸುವಷ್ಟರಲ್ಲಿ ಅರ್ಧವನ್ನು ಮಡಿಲಿಗೆ ಚೆಲ್ಲುತ್ತಿತ್ತು. ಮಗಳು ಓರಿಂಗ್ ತಿನ್ನಿಸಲು ಹೋದರೆ ಬಾಯಿ ಬಿಗಿಹಿಡಿಯುತ್ತಿದ್ದ. ಕದ ಹಾಕಿಕೊಂಡು ಒಬ್ಬನೇ ಕೂರುತ್ತಿದ್ದ, ಆಮೇಲೆ ಉಂಡೆ ಎನ್ನುತ್ತಿದ್ದ. ತಟ್ಟೆ ತೊಳೆಯುವವಳಿಗೆ ಗೊತ್ತಾಗದೆ ಇರುತ್ತದೆಯೇ? ಅವನ ಕೆನ್ನೆ ಒಳಸೇರಿತ್ತು, ಷರಟು ಗೂಟಕ್ಕೆ ತೂಗುಹಾಕಿದಂತೆ ಕಾಣುತ್ತಿತ್ತು.

ಆ ಭಾನುವಾರ ಅವನಿಗೆ ಎಪ್ಪತ್ತೈದು ತುಂಬುತ್ತಿತ್ತು. ಶಾವಿಗೆಯ ಪನ್ಸಿತ್ ಮಾಡದ ಹುಟ್ಟುಹಬ್ಬ ಹುಟ್ಟುಹಬ್ಬವೇ ಅಲ್ಲ. ಶಾವಿಗೆ ಉದ್ದವಿದ್ದಷ್ಟೂ ಆಯಸ್ಸು ಉದ್ದ. ಅದನ್ನು ಕತ್ತರಿಸುವಂತಿಲ್ಲ, ಯಾರ ಹುಟ್ಟುಹಬ್ಬವೋ ಅವರು ತಿನ್ನದೆ ಇರುವಂತಿಲ್ಲ. ಅಂಥ ದಿನ ಅಪ್ಪ ಬೆಳಿಗ್ಗೆಯೇ ಕೋಣೆಯೊಳಗಿಂದ ಹೇಳಿಬಿಟ್ಟ.

"ಬಂದೋರಿಗೆ ಹೊಟ್ಟೆ ತುಂಬ ಹಾಕು. ನಾನು ಆಚೆ ಬರಲ್ಲ. ನಂಗೆ ಬೇಡ."

"ನಿನ್ನ ಹೆಸರಿನ ಪನ್ಸಿತ್ ಅಪ್ಪಾ. ಒಂದೆಳೆನಾದ್ರೂ ಬಾಯಿಗೆ ಹಾಕ್ಕೋ."

"ಇಷ್ಟು ವರ್ಷ ತಿಂದಿದೀನಲ್ಲ. ಸಾಕು."

ಸಾಕು ಎಂದದ್ದು ಪನ್ಸಿತ್‌ಗೆ ಅಲ್ಲ ಎಂದು ಓರಿಂಗ್‌ಗೆ ಅನಿಸಿತು. ಆದರೂ ಒಲೆ ಹಚ್ಚಿದಳು. ಬೆಳ್ಳುಳ್ಳಿ, ಈರುಳ್ಳಿ, ಹಂದಿಮಾಂಸ ಹುರಿದು, ಸೀಮೆಬದನೆ ಬಾಡಿಸಿ, ಸಾರು ಕುದಿಬಂದ ಮೇಲೆ ಒಣಶಾವಿಗೆ ಬಿಟ್ಟಳು. ಘಮ ಮೂಗಿಗೆ ಬಡಿದದ್ದೇ ತಡ, ಅವಳು ಏಳು ವರ್ಷದ ಹುಡುಗಿಯಾದಳು.

ಆಗೆಲ್ಲ ಭಾನುವಾರ ಬಲಿಪೂಜೆ ಮುಗಿಸಿ ಚರ್ಚಿನ ಅಂಗಳಕ್ಕೆ ಬಂದರೆ, ಗಾಡಿಯವಳು ಬಾಳೆಎಲೆಯ ತುಂಡಿನ ಮೇಲೆ ಇದೇ ಶಾವಿಗೆ ಹಾಕಿ, ವಿನೆಗರ್ ಚಿಮುಕಿಸಿ ಕೊಡುತ್ತಿದ್ದಳು. ಅದಕ್ಕೆ ಊರಿನವರು ಹಬ್‌ಹಬ್ ಎನ್ನುತ್ತಿದ್ದರು. ಚಮಚವಿಲ್ಲ, ಮುಳ್ಳುಚಮಚವಿಲ್ಲ, ಬೆರಳೂ ಹಾಕುವಂತಿಲ್ಲ. ಎಲೆಯನ್ನು ಮುಖಕ್ಕೆ ಹಿಡಿದು ಬಾಯಿ ಹಾಕಬೇಕು. ಒಂದು ಸಲ ಓರಿಂಗ್ ಹೊಸ ಬಿಳಿ ಫ್ರಾಕು ತೊಟ್ಟವಳು, ಕಲೆಯಾಗುತ್ತದೆ, ಮುಳ್ಳುಚಮಚವೇ ಬೇಕು ಎಂದು ಹಟ ಹಿಡಿದಳು.

"ತಲೆ ಬಗ್ಗಿಸೇ ಮಹಾರಾಣಿ," ಎಂದಿದ್ದ ಅಪ್ಪ. "ಬಗ್ಗಿಸಿದೋರ ಹೊಟ್ಟೆ ತುಂಬತ್ತೆ. ಫ್ರಾಕು ಅಮ್ಮ ಒಗೀತಾಳೆ."

ಅವನ ಮೂಗಿನ ತುದಿಗೆ ಒಂದೆಳೆ ಶಾವಿಗೆ ಅಂಟಿಕೊಂಡಿತ್ತು. ಊರಿಗೆಲ್ಲ ಇವನಷ್ಟು ಚೆಂದದ ಗಂಡಸಿಲ್ಲ ಎಂದು ಅವಳಿಗೆ ಅನಿಸಿತ್ತು. ಈಗ ಅಮ್ಮ ಇಲ್ಲ, ಆ ಗಾಡಿಯವಳೂ ಇಲ್ಲ. ಅಂಥದೊಂದು ಭಾನುವಾರ ಮತ್ತೆ ಬೇಕು ಎಂದು ಓರಿಂಗ್‌ಗೆ ಅನಿಸಿತು.

ಹತ್ತು ಗಂಟೆಗೆ ಲುಸೇನಾ ಪಟ್ಟಣದಿಂದ ಅಣ್ಣನ ಹೆಂಡತಿ ಎಸ್ಮೆರಾಲ್ದಾ ಬಂದಿಳಿದಳು, ಹೂವಿನಂಚಿನ ಪಿಂಗಾಣಿ ತಟ್ಟೆಗಳ ಪೆಟ್ಟಿಗೆ ಸಮೇತ. ಅವಳ ಮನಸ್ಸು ಒಳ್ಳೆಯದೇ. ಕೈ ಮಾತ್ರ ಮನಸ್ಸಿಗಿಂತ ಮುಂದೆ ಓಡುತ್ತಿತ್ತು. ಓರಿಂಗ್ ತಿರುಗಿ ನೋಡುವಷ್ಟರಲ್ಲಿ ಕತ್ತರಿ ಹಿಡಿದು ಬಾಣಲೆಯ ಮೇಲೆ ಬಗ್ಗಿದ್ದಳು.

"ಮಾವನಿಗೆ ಸಣ್ಣಗೆ ಕತ್ತರಿಸಿ ಬಟ್ಟಲಲ್ಲಿ ಕೊಡೋಣ ಕಣೇ."

ಓರಿಂಗ್ ಕತ್ತರಿ ಕಿತ್ತುಕೊಂಡಳು. "ಹುಟ್ಟಿದ ದಿನಾನೇ ಅಪ್ಪನ ಆಯಸ್ಸಿಗೆ ಕತ್ತರಿ ಹಾಕ್ತೀರಾ ಅತ್ತಿಗೆ?"

"ಅಯ್ಯೋ, ಬಿಡ್ತು ಅನ್ನು. ಆದ್ರೆ ಇಷ್ಟುದ್ದ ಶಾವಿಗೆ ಆ ಕೈಲಿ, ಚಮಚದಲ್ಲಿ ನಿಲ್ಲತ್ತಾ? ನೀನೇ ಹೇಳು."

ಓರಿಂಗ್ ಕೈಯಲ್ಲಿದ್ದ ಕತ್ತರಿಯನ್ನು ನೋಡಿದಳು. ಚಮಚವಾದರೂ ಯಾಕೆ ಬೇಕು? ಕತ್ತರಿ ಹಿಡಿದೇ ಹಿತ್ತಲಿಗೆ ಹೋಗಿ ಬಾಳೆಎಲೆ ಕತ್ತರಿಸಿ ತಂದಳು. ಒರೆಸಿ, ಉರಿಗೆ ಹಿಡಿದು ಬಾಡಿಸಿದಳು. ತಟ್ಟೆ, ಚಮಚಗಳನ್ನೆಲ್ಲ ಪೆಟ್ಟಿಗೆಯೊಳಗೆ ಹಾಕಿ, ಮೇಲೆ ಅಕ್ಕಿಮೂಟೆ ಹೇರಿದಳು.

"ನೆಂಟರನ್ನ ಕರೆದು ಬೀದೀಲಿ ತಿಂದ ಹಾಗೆ ತಿನ್ನಿಸ್ತೀಯಾ? ನನ್ನ ರೇಷ್ಮೆ ಅಂಗಿ ಗತಿ?"

"ಟವಲ್ ಕಟ್ಕೊಳ್ಳಿ ಅತ್ತಿಗೆ."

ಮಧ್ಯಾಹ್ನಕ್ಕೆ ಮನೆ ತುಂಬಿತು. ಅಪ್ಪನ ಜೊತೆ ಒಂದೇ ಬೆಂಚಿನಲ್ಲಿ ಟೋಪಿ ಹೆಣೆಯುತ್ತಿದ್ದ ಅಂಬೋ ಮೊದಲ ಎಲೆ ಈಸಿಕೊಂಡ. ಎಸ್ಮೆರಾಲ್ದಾ ತುಟಿಯ ತುದಿಯಿಂದ ಒಂದೊಂದೇ ಎಳೆ ಹೀರುವುದನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ.

"ಪಟ್ಣದಮ್ಮ, ಅದಕ್ಕೇನು ಮುತ್ತು ಕೊಡ್ತಿದೀಯಾ? ಎಮ್ಮೆ ಹುಲ್ಲಿಗೆ ಬಾಯಿ ಹಾಕೋ ಹಾಗೆ ಹಾಕು."

ಅವಳು ನಕ್ಕುಬಿಟ್ಟಳು, ನಕ್ಕ ರಭಸಕ್ಕೆ ವಿನೆಗರ್ ಗಲ್ಲದಿಂದ ರೇಷ್ಮೆಗೆ ಇಳಿಯಿತು. ಮನೆಯೇ ನಗೆಯಲ್ಲಿ ಮುಳುಗಿತು. ಆಗ ಅಂಬೋ ಮುಚ್ಚಿದ ಕದದ ಕಡೆ ತಿರುಗಿ ಸುಮ್ಮನೆ ಮಾತಾಡಿದ ಹಾಗೆ ಹೇಳಿದ, "ಎಲ್ಪೀ, ಎದ್ದು ಬಾರೋ. ಇಲ್ಲಿ ಯಾರ ಹತ್ರಾನೂ ಚಮಚ ಇಲ್ಲ. ಎಲ್ರೂ ಚೆಲ್ಕೊಂಡೇ ತಿಂತಿದೀವಿ."

ಎಲ್ಲರೂ ಕದವನ್ನು ನೋಡದವರ ಹಾಗೆ ನೋಡಿದರು. ತುಸು ಹೊತ್ತಿಗೆ ಚಿಲಕದ ಸದ್ದಾಯಿತು. ಎಲ್ಪಿದಿಯೋ ಹೊಸ್ತಿಲಲ್ಲಿ ನಿಂತು, ಸೊಸೆಯ ಗಲ್ಲ ನೋಡಿದ, ಅಂಬೋನ ಷರಟಿನ ಮೇಲೆ ನೇತಾಡುತ್ತಿದ್ದ ಎಳೆಗಳನ್ನು ನೋಡಿದ. ಬಂದು ಕುಳಿತ.

ಓರಿಂಗ್ ಅವನ ಎರಡೂ ಅಂಗೈ ಮೇಲೆ ಎಲೆಯಿಟ್ಟಳು. ಕೈ ನಡುಗಿತು, ಎಲೆಯೂ ನಡುಗಿತು. ಆದರೆ ಚಮಚ ತಟ್ಟೆಯಿಂದ ಬಾಯಿಯವರೆಗೆ ಪಯಣ ಮಾಡಬೇಕು. ಎಲೆ ಗಲ್ಲಕ್ಕೆ ಆತುಕೊಂಡರೆ ಮುಗಿಯಿತು. ಒಂದಕ್ಕೊಂದು ಹೆಣೆದುಕೊಂಡ ಶಾವಿಗೆ, ಒಂದೆಳೆ ಸಿಕ್ಕಿದರೆ ಹತ್ತೆಳೆ ಹಿಂದೆ ಬರುತ್ತಿತ್ತು. ಚೆಲ್ಲಿದ್ದು ಚೆಲ್ಲಿತು. ಎಲ್ಲರ ಮುಖವೂ ಎಲೆಯೊಳಗಿದ್ದಾಗ ಚೆಲ್ಲಿದ್ದನ್ನು ನೋಡುವವರು ಯಾರು?

ಎಲೆ ಬರಿದಾಯಿತು. "ವಿನೆಗರ್ ಕಮ್ಮಿಯಾಗಿದೆ," ಎಂದ ಎಲ್ಪಿದಿಯೋ. "ಇನ್ನೊಂದೆಲೆ ಹಾಕು."

ಓರಿಂಗ್ ಹಾಕಿದಳು. ವಿನೆಗರನ್ನೂ ಇನ್ನಷ್ಟು ಚಿಮುಕಿಸಿದಳು.

"ನಿನ್ನ ಎಲೆ ಎಲ್ಲೇ?"

"ಆಮೇಲೆ ತಿಂತೀನಪ್ಪಾ. ಬಿಳಿ ಅಂಗಿ ಹಾಕ್ಕೊಂಡಿದೀನಿ."

ಅಪ್ಪ ತಲೆಯೆತ್ತಿ ಅವಳನ್ನೇ ನೋಡಿದ. ಮೂಗಿನ ತುದಿಗೆ ಒಂದೆಳೆ ಅಂಟಿಕೊಂಡಿತ್ತು.

"ತಲೆ ಬಗ್ಗಿಸೇ ಮಹಾರಾಣಿ," ಎಂದ. "ಒಗೆಯೋಕೆ ಅಮ್ಮ ಇಲ್ಲ, ನೀನೇ ಒಗ್ಕೋ."

ಓರಿಂಗ್ ಎಲೆ ತೆಗೆದುಕೊಂಡು ಮುಖಕ್ಕೆ ಹಿಡಿದಳು. ಶಾವಿಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ಅವಳು ಎಲೆಯಿಂದ ಮುಖ ತೆಗೆಯಲಿಲ್ಲ.