ಪರದೆಯ ಮೇಲೆ ಏಳುನೂರು

“ನಮ್ಮಪ್ಪ ನಿದ್ದಿ ಮಾಡಿಲ್ಲ ಕಾಕಾ! ನಿಮ್ಮ ಕೈಲಿಂದ ಆಗಿದ್ದನ್ನ ಅವನ ತಲಿಮ್ಯಾಲ ಹೊರಿಸಿ ಸುಮ್ಮ ಕುಂತೀರಿ. ನಾಚಿಕಿ ಆಗಂಗಿಲ್ಲೇನು?”

“ಏ ಪೂರ್ಣಿಮಾ, ದನಿ ಇಳಿಸು. ಇದು ನನ್ನ ಅಂಗಡಿ, ನಿಮ್ಮ ಓಣಿ ನಳ ಅಲ್ಲ.”

“ಹಂಗಾರ ಹೇಳ್ರಿ. ಖಾನಾಪುರದ ಮಷೀನಿಗೆ ಹೊಸಾ ಗೆಸ್ಟ್ ಟೂಲ್ಸ್ ಹಾಕಿದ್ದು ಯಾರು? ಪಾಸ್‌ವರ್ಡ್ ಇರೋದು ನಮ್ಮಿಬ್ಬರ ಕಡೆ. ನಾ ಅಂತೂ ಹಾಕಿಲ್ಲ.”

ಟಿಳಕವಾಡಿಯ ಆ ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಕಲಂದರನ ಸಿಟ್ಟಿಗೆ ಎದುರು ನಿಂತವರಿಲ್ಲ. ಈಗ ನಿಂತವಳಿಗೆ ಕೆಲಸ ಕಲಿಸಿದವನೂ ಅವನೇ.

ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಯ ಕಾವು ತೋರಿಸುವ ಪ್ರೋಗ್ರಾಂ ಬಹಳ ಹಳೆಯದು, ಹಳೆಯ ವಿಂಡೋಸಿನಲ್ಲಿ ಮಾತ್ರ ಓಡುವಂಥದ್ದು. ಅಲ್ಲಿನ ಕಂಪ್ಯೂಟರ್ ಕೆಟ್ಟಾಗ ಕಲಂದರ ಹೊಸದರ ಹೊಟ್ಟೆಯೊಳಗೆ ಒಂದು ವರ್ಚುವಲ್ ಮಷೀನ್, ಅಂದರೆ ತೋರಿಕೆಯ ಕಂಪ್ಯೂಟರ್, ಮಾಡಿ ಹಳೆಯ ವಿಂಡೋಸನ್ನು ಅದರಲ್ಲಿ ಕೂಡಿಸಿದ್ದ. ಹೊರಗಿನದು ಮನೆಯೊಡೆಯ, ಒಳಗಿನದು ನೆಂಟ. ಇಬ್ಬರ ನಡುವೆ ನೆಟ್‌ವರ್ಕ್, ಗಡಿಯಾರ, ಪರದೆ ಎಲ್ಲ ಹೊಂದಿಸಿ ಕೊಡುವುದೇ ಗೆಸ್ಟ್ ಟೂಲ್ಸ್. ಅದನ್ನು ಆಗಾಗ ಹೊಸದು ಮಾಡಬೇಕು, ಮಾಡಿದ ಮೇಲೆ ಮಷೀನನ್ನು ಒಮ್ಮೆ ಮುಚ್ಚಿ ತೆರೆಯಬೇಕು.

ಉದ್ಯಮಬಾಗದ ಅವನ ಗಿರಾಕಿಗಳೆಲ್ಲ ಎರಕದವರು. ಅಮಾವಾಸ್ಯೆಗೆ ಭಟ್ಟಿ ಆರಿಸಿ ಪೂಜೆ ಮಾಡುವವರು. ಹಾಗಾಗಿ ಇಂಥ ಕೆಲಸವನ್ನೆಲ್ಲ ಅಮಾವಾಸ್ಯೆಗೇ ಇಟ್ಟುಕೊಳ್ಳುವುದು ಕಲಂದರನ ರೂಢಿ. “ನಮ್ಮ ಅಯ್ಯನವರಿಗಿಂತ ಸಾಬರಿಗೇ ಅಮಾಸಿ ಚಿಂತಿ ಜಾಸ್ತಿ,” ಎಂದು ಜನ ನಗುತ್ತಿದ್ದರು. ಈ ಸಲವೂ ಅಂಗಡಿಯಲ್ಲಿ ಕೂತಲ್ಲಿಂದಲೇ ಇಂಟರ್ನೆಟ್ಟಿನಲ್ಲಿ ಒಂದೊಂದಾಗಿ ಮುಗಿಸುತ್ತ ಖಾನಾಪುರದ್ದನ್ನೂ ಮಾಡಿಬಿಟ್ಟ. ಹಂಚಿನ ಭಟ್ಟಿ ಒಮ್ಮೆ ಹೊತ್ತಿಸಿದರೆ ಬೇಯುವ ತನಕ ಆರಿಸುವಂತಿಲ್ಲ, ಅದಕ್ಕೆ ಅಮಾವಾಸ್ಯೆ ಹುಣ್ಣಿಮೆ ಇಲ್ಲ. ಅದು ಅವನ ತಲೆಗೆ ಹೊಳೆಯಲೇ ಇಲ್ಲ.

ಹೊಸ ಟೂಲ್ಸ್ ಭಟ್ಟಿಯ ಅಂಕಿ ಬರುವ ನೆಟ್‌ವರ್ಕ್ ವಿಳಾಸವನ್ನು ಅಳಿಸಿತ್ತು. ಭಟ್ಟಿಯಿಂದ ಸುದ್ದಿ ಬರದಿದ್ದರೆ ಆ ಮುದಿ ಪ್ರೋಗ್ರಾಂ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಗೆ ಬಂದ ಅಂಕಿಯನ್ನೇ ತೋರಿಸುತ್ತ ನಿಲ್ಲುತ್ತದೆ. ಆ ದಿನ ನಿಂತದ್ದು ಏಳುನೂರು. ಭಟ್ಟಿ ಕಾಯುತ್ತಿದ್ದ ಗುರುಪುತ್ರಪ್ಪ, ಪೂರ್ಣಿಮಾಳ ತಂದೆ, ಕಾವು ಏರಲಿಲ್ಲವೆಂದು ಮಧ್ಯಾಹ್ನವೆಲ್ಲ ಕಟ್ಟಿಗೆ ತಳ್ಳಿದ. ಹಂಚು ಕರಗಿ ಒಂದಕ್ಕೊಂದು ಅಂಟಿ ಗಡ್ಡೆಯಾದವು.

ಸಂಜೆ ಕಲಂದರನಿಗೆ ತಪ್ಪು ತಿಳಿಯಿತು. ವಿಳಾಸ ಸರಿ ಮಾಡಿದ. ಫೋನ್ ಮಾಡಲಿಲ್ಲ. ಮಾಲಕ ಬಸವಪ್ರಸಾದ ಬಂದು ನೋಡಿದಾಗ ಪರದೆಯ ಮೇಲೆ ಸಾವಿರದ ಇನ್ನೂರು ಇತ್ತು. “ಏಳುನೂರು ಎಲ್ಲೈತೋ? ಕುಡದಿಯೇನು, ಮಲಗಿದ್ದಿಯೇನು?” ಎಂದು, ಏಳುನೂರೇ ಇತ್ತೆಂದ ಗುರುಪುತ್ರಪ್ಪನನ್ನು ಎಲ್ಲರ ಮುಂದೆ ಕೇಳಿದ್ದ. ಮರುದಿನದಿಂದ ಗುರುಪುತ್ರಪ್ಪನಿಗೆ ಮಣ್ಣು ಹೊರುವ ಕೆಲಸ.

“ಅಪ್ಪ ಈಗ ದಿನಾ ಕಣ್ಣಿಗೆ ಹನಿ ಹಾಕ್ಕೋತಾನ,” ಪೂರ್ಣಿಮಾ ಈಗ ಕೂಗುತ್ತಿರಲಿಲ್ಲ. “ಇಲ್ಲದ್ದು ಕಾಣಾಕತ್ತೈತಿ ಅಂತಾನ. ಡಾಕ್ಟರು ಏನೂ ಆಗಿಲ್ಲ ಅಂದ್ರೂ ನಂಬವಲ್ಲ. ಬೆಂಕಿ ಮುಂದ ಹೋಗಾಕ ಹೆದರ್ತಾನ ಕಾಕಾ.”

ಕಲಂದರ ಎದ್ದು ಷಟರ್ ಎಳೆದ. “ಗಾಡಿ ಹತ್ತು,” ಎಂದ.

ಕಾರ್ಖಾನೆಯಲ್ಲಿ ಬಸವಪ್ರಸಾದ ಕುರ್ಚಿ ತೋರಿಸಿದರೂ ಕಲಂದರ ನಿಂತೇ ಹೇಳಿದ. ತಪ್ಪು ತನ್ನದು, ಮುಚ್ಚಿಟ್ಟದ್ದೂ ತಾನೇ. ಹೊಡೆಸಿಕೊಳ್ಳಲು ತಯಾರಾಗಿಯೇ ಬಂದಿದ್ದ.

ಬಸವಪ್ರಸಾದ ಬಯ್ಯಲಿಲ್ಲ. ಗುರುಪುತ್ರಪ್ಪನನ್ನು ಕರೆಸಿದ. ಮೊಣಕೈತನಕ ಮಣ್ಣು ಮೆತ್ತಿಕೊಂಡು ಬಂದು ಅವನು ಬಾಗಿಲಲ್ಲೇ ನಿಂತ.

“ಗುರುಪುತ್ರಪ್ಪಾ, ಮಷೀನಿಂದ ತಪ್ಪಾಗೈತಂತ. ಹೋಗ್ಲಿ ಬಿಡು. ನಾಳಿಂದ ಭಟ್ಟಿಗೇ ಬಾ.”

ಗುರುಪುತ್ರಪ್ಪ ಮಾಲಕನ ಕಡೆ ನೋಡಲಿಲ್ಲ. “ಕಲಂದರಸಾಬ, ಏಳುನೂರ ಇತ್ತಲ್ರಿ?”

“ಇತ್ತಣ್ಣಾ. ಖರೇನ ಇತ್ತು. ಮಾಫ ಮಾಡು.”

ಮಗಳು ಹತ್ತಿರ ಹೋಗಿ ತೋಳು ಹಿಡಿದಳು.

“ಧಣಿ,” ಎಂದ ಗುರುಪುತ್ರಪ್ಪ, “ಕುಡದಿಯೇನು ಅಂದ್ರಿ, ತಡಕೊಂಡೆ. ಮಲಗಿದ್ದಿಯೇನು ಅಂದಾಗ ನಾನ ಕೈ ಮುಗದು ‘ಹೂಂರಿ, ಕಣ್ಣು ಹತ್ತಿರಬೇಕು’ ಅಂದೆ. ಆಗದ ಮಾತು ನನ್ನ ಬಾಯಾಗ ಬಂತು. ಅದನ್ನ ನಾನೂ ನಂಬಿದೆ.”

“ಅದಕ್ಕ ಹೇಳಾಕತ್ತೀನಲ್ಲೋ, ಬಾ ಅಂತ—”

ಗುರುಪುತ್ರಪ್ಪ ಮಗಳ ಕೈ ಮೆಲ್ಲಗೆ ಬಿಡಿಸಿದ. ಹೊರಗೆ ನಳದ ಕೆಳಗೆ ಕೈ ತೊಳೆದ, ಗೂಟದ ಮೇಲಿದ್ದ ಅಂಗಿ ತೊಟ್ಟ. ಭಟ್ಟಿಯ ಮುಂದೆ ಹಾದು ಹೋಗುವಾಗ ಒಳಗಿನ ಬೆಂಕಿಯತ್ತ ತಿರುಗಿ ನೋಡಲಿಲ್ಲ. ಕಲಂದರ ಗೇಟಿನ ತನಕ “ಅಣ್ಣಾ, ಅಣ್ಣಾ” ಎನ್ನುತ್ತ ಹಿಂದೆ ಹೋದ. ಗುರುಪುತ್ರಪ್ಪ ರಸ್ತೆ ದಾಟಿದ.

ಮಾಲಕ ಎರಡು ಸಲ ಆಳು ಕಳಿಸಿದ. ಒಂದು ಸಲ ತಾನೇ ಮನೆಗೆ ಹೋಗಿ ಕೂತು ಬಂದ. ಗುರುಪುತ್ರಪ್ಪ ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ.