ಎಡಮೂಲೆಯ ರಬ್ಬರು

ಬೆಳಕಿನ ಒಂದು ಎಳೆ, ಸೂಜಿಯಷ್ಟೇ ಸಣ್ಣದು, ಮುಂದಿನ ಗಾಜಿನ ಮೇಲಿನ ಎಡಮೂಲೆಯಲ್ಲಿ, ರಬ್ಬರಿಗೂ ತಗಡಿಗೂ ನಡುವೆ, ಇರಬಾರದ ಕಡೆ ಇದೆ, ಈಗ ಆರಿತು, ಈಗ ಮತ್ತೆ ಹತ್ತಿತು — ಆರಿದ್ದು ಯಾಕೆಂದರೆ ಹೊರಗಿನಿಂದ ಗಂಡನ ಬೆರಳು ಅದರ ಮೇಲೆ ಹಾದುಹೋಯಿತು, ಹತ್ತಿದ್ದು ಯಾಕೆಂದರೆ ಬೆರಳು ಅಲ್ಲಿ ನಿಲ್ಲಲಿಲ್ಲ, ಮೂಲೆ ತಿರುಗಿ ತನ್ನ ಪಾಡಿಗೆ ಕೆಳಗಿಳಿಯಿತು, ಎಲ್ಲಾ ಸರಿ ಕೂತಿದೆ, ಎಳಿಯೇ ದಾರ, ಎಂದರು ಇವರು ಸ್ಟೂಲಿನ ಮೇಲೆ ನಿಂತು, ಮತ್ತು ಅವಳು, ಲಾರಿಯ ಒಳಗೆ ಡ್ರೈವರ್ ಸೀಟಿನ ಮೇಲೆ ಮಂಡಿಯೂರಿ ಮುಷ್ಟಿಗೆ ದಾರ ಸುತ್ತಿಕೊಂಡವಳು, ಎಳೆಯಲಿಲ್ಲ. ಎಳೆದರೆ ಆಯಿತು, ಇಷ್ಟು ವರ್ಷ ಎಳೆದದ್ದೇ ತಾನೇ, ಗಾಜಿನ ಸುತ್ತ ಬಿಸಿನೀರಲ್ಲಿ ಮೆತ್ತಗಾಗಿಸಿದ ಹೊಸ ರಬ್ಬರು, ರಬ್ಬರಿನ ಸೀಳಿನೊಳಗೆ ಒಂದು ಸುತ್ತು ದಾರ, ಒಳಗಿನವರು ದಾರ ಎಳೆದ ಹಾಗೆ ರಬ್ಬರಿನ ಒಳತುಟಿ ಮಗುಚಿ ತಗಡಿನ ಅಂಚನ್ನು ಕಚ್ಚಿಕೊಳ್ಳುತ್ತದೆ, ಹೊರಗಿನವರು ಅಂಗೈಯಲ್ಲಿ ಒತ್ತುತ್ತಾ, ಬೆರಳಾಡಿಸಿ ನೋಡುತ್ತಾ ಜೊತೆಗೇ ಬರುತ್ತಾರೆ — ಲಾಡಿ ಪೋಣಿಸಿದ ಹಾಗೇ ಕಣ್ರೀ ಇದು, ಎಂದಿದ್ದಳು ಅವಳು ಮೊದಲ ದಿನ, ದಾರ ಎಳೆಯುತ್ತಿದ್ದ ಮೈದುನ ಬಸ್ಸಿನ ಕಂಪನಿ ಸೇರಿ ಕೈಕೊಟ್ಟ ದಿನ, ಇವರು ನಕ್ಕು, ಲಾಡಿ ತಪ್ಪಿದರೆ ಮಾನ ಹೋಗುತ್ತೆ, ಇದು ತಪ್ಪಿದರೆ ಗಾಜು, ಎಂದಿದ್ದರು. ತಪ್ಪಿದೆ ಈಗ. ಮೂರು ಪಾಲು ಸರಿಯಾಗಿ ಕೂತು, ಈ ಮೂಲೆಯೊಂದರಲ್ಲಿ ಹೊರತುಟಿ ಒಳಕ್ಕೆ ಮಡಿಚಿಕೊಂಡಿದೆ, ಮಡಿಕೆಯ ಮೇಲೆ ದಾರ ಎಳೆದರೆ ಗಾಜು ಚಿಟ್ಟೆನ್ನುವುದು ಎಷ್ಟು ಹೊತ್ತು, ಇದೋ ಅರವತ್ತು ವರ್ಷದ ಗಾಜು, ಎರಡೂ ಕಡೆ ಬಾಗಿದ್ದು, ಇಂಥ ಬಾಗನ್ನು ಈಗ ಯಾರೂ ಮಾಡುವುದಿಲ್ಲ, ಲಾರಿಯ ಯಜಮಾನರು ಗುಜರಿಯಿಂದ ಗುಜರಿಗೆ ಎರಡು ವರ್ಷ ಅಲೆದು ಇದೊಂದನ್ನು ಹಾಸಿಗೆಯಲ್ಲಿ ಸುತ್ತಿ ತಂದಿದ್ದಾರೆ.

ಯಜಮಾನರು ಹಲ್ಲಿನ ಡಾಕ್ಟರು, ನಲವತ್ತು ವರ್ಷ ಬೇರೆಯವರ ಬಾಯಿ ತೆರೆಸಿ ಮಾತಾಡಗೊಡದೆ ಕೂರಿಸಿದವರು, ನಿವೃತ್ತರಾದ ಮೇಲೆ ತಮ್ಮ ಬಾಯಿ ಮುಚ್ಚುವುದನ್ನು ಮರೆತಿದ್ದಾರೆ, ಬೆಳಿಗ್ಗೆಯಿಂದ ಕುರ್ಚಿ ಹಾಕಿಕೊಂಡು ಕೂತು, ಇದು ರಬ್ಬರಲ್ಲ ಮೇಸ್ತ್ರಿ, ಒಸಡು, ಒಸಡು ಸಡಿಲ ಆದ್ರೆ ಎಂಥ ಹಲ್ಲೂ ನಿಲ್ಲಲ್ಲ, ಅಂತ, ಇವರೂ ಬಿಡದೆ, ಹಾಗಾದ್ರೆ ನೀವೇ ಬನ್ನಿ ಡಾಕ್ಟ್ರೇ, ಬಾಯಿ ಸ್ವಲ್ಪ ದೊಡ್ಡದು ಅಷ್ಟೇ, ಅಂತ — ಈಗ ಪುಣ್ಯಕ್ಕೆ ಡಾಕ್ಟರು ನೀರಿನ ಪೈಪು ತರಲು ಹಿತ್ತಲಿಗೆ ಹೋಗಿದ್ದಾರೆ, ಗಾಜು ಕೂತ ಕೂಡಲೇ ನೀರು ಬಿಟ್ಟು ನೋಡಬೇಕಂತೆ, ಈಗಲೋ ಆಗಲೋ ಬಂದಾರು. ಏನೇ, ನಿದ್ದೆ ಬಂತಾ ಒಳಗೆ. ಇಲ್ಲ ರೀ, ಸೋಪಿನ ನೀರು ಜಾಸ್ತಿಯಾಗಿದೆ, ದಾರ ಜಾರ್ತಿದೆ. ಇವರು ಮತ್ತೊಮ್ಮೆ ಬೆರಳಾಡಿಸಿದರು, ಬೆಳಕು ಆರಿತು, ಹತ್ತಿತು, ಬೆರಳು ನಿಲ್ಲಲಿಲ್ಲ, ಅಯ್ಯೋ ಆ ಬೆರಳು — ಮದುವೆಯಾದ ವಾರದಲ್ಲಿ ಅವಳ ತಲೆಗೂದಲಲ್ಲಿ ಕೈಯಾಡಿಸುತ್ತಾ, ಇಲ್ಲೊಂದು ಹೊಲಿಗೆ ಹಾಕಿಸಿಕೊಂಡಿದ್ದೀಯಲ್ಲ, ಎಂದಿತ್ತು, ಮೂರು ವರ್ಷದವಳಿದ್ದಾಗ ಹೊಸ್ತಿಲಿಗೆ ಬಿದ್ದದ್ದು, ಹೆತ್ತ ತಾಯಿಗೇ ಮರೆತುಹೋಗಿತ್ತು, ರಬ್ಬರಿನ ಕೆಳಗೆ ಒಂದು ಮರಳಿನ ಕಣ ಇದ್ದರೂ ಇವರ ಮುಖ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗಾಗುತ್ತಿತ್ತು — ಆ ಬೆರಳು ಹೋದ ಚಳಿಗಾಲ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ ಹಾಗೇ ಹಿಡಿದುಕೊಂಡು ನಿಂತಿತ್ತು, ಚರ್ಮದ ವಾಸನೆ ಮೊದಲು ಬಂದದ್ದು ಅವಳ ಮೂಗಿಗೆ, ಇವರು ಕೈ ನೋಡಿಕೊಂಡು, ಆನೆ ಚರ್ಮ ಬಿಡೇ, ಎಂದರು. ಸಕ್ಕರೆ ಕಾಯಿಲೆ, ಬೆರಳ ತುದಿಯ ನರ ಸಾಯುತ್ತೆ ಅಮ್ಮ, ಎಂದಳು ಮಗಳು, ಆಸ್ಪತ್ರೆಯಲ್ಲೇ ಕೆಲಸ ಮಾಡುವವಳು, ಅಪ್ಪಂಗೆ ಹೇಳಿಬಿಡು, ಅವರ ಹಿಂದೆ ಹಿಂದೆ ಹೋಗಿ ಎಷ್ಟು ದಿನ ತಿದ್ದುತ್ತೀಯ. ಎಂಟು ತಿಂಗಳಾಯಿತು ತಿದ್ದುತ್ತಾ. ಮರದ ಚಮಚದ ಹಿಡಿಯನ್ನು ತೆಳ್ಳಗೆ ಹೆರೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ, ಇವರು ಕೈ ತೊಳೆಯಲು ಹೋದಾಗ ಸುತ್ತ ಒಮ್ಮೆ ಬಂದು ಮಡಿಚಿದ ಕಡೆ ಬಿಡಿಸಿಬಿಡುತ್ತಾಳೆ, ಕಳ್ಳಿಯ ಹಾಗೆ, ಒಮ್ಮೆ ಒಂದು ವ್ಯಾನು ಅವಳ ಕಣ್ಣು ತಪ್ಪಿಸಿ ಹೋಗಿ, ಗಾಜು ಗಡಗಡ ಅನ್ನುತ್ತೆ ಎಂದು ವಾಪಸು ಬಂದಾಗ ರಸ್ತೆಯನ್ನು ಬೈದು ಕಳಿಸಿದ್ದಳು, ರಸ್ತೆ ತಿರುಗಿ ಬೈಯುವುದಿಲ್ಲವಲ್ಲ, ಆದರೆ ಅವೆಲ್ಲ ದಾರ ಎಳೆದಾದ ಮೇಲಿನ ಮಾತು, ಚಪ್ಪಟೆ ಗಾಜಿನ ಮಾತು, ಇದಕ್ಕೆ ಚಮಚದ ಹಿಡಿ ಸಾಲದು, ಹೊರಗಿನವರೇ ಈಗಲೇ ನೋಡಿ ಬಿಡಿಸಬೇಕು, ನೋಡಿ ಎಂದು ಹೇಳಬೇಕಾದವಳು ಅವಳು. ಹೇಳಿದರೆ ಗೊತ್ತಾಗುತ್ತದೆ. ಎರಡು ಸಲ ಬೆರಳಾಡಿಸಿ ಸರಿ ಅಂದೆನಲ್ಲ, ಎನ್ನುತ್ತಾರೆ, ಬೆರಳನ್ನು ನೋಡಿಕೊಳ್ಳುತ್ತಾರೆ, ಸಂಜೆ ಅಂಗಡಿಯ ಶಟರ್ ಎಳೆದವರು ಮತ್ತೆ ಎತ್ತುವುದಿಲ್ಲ, ಅವಳಿಗೆ ಗೊತ್ತು ಇವರ ಜಾಯಮಾನ, ಕೆಲಸ ಇಲ್ಲದೆ ಮನೆಯಲ್ಲಿ ಕೂತ ಇವರನ್ನೂ ನೋಡಿದ್ದಾಳೆ, ಒಮ್ಮೆ ಜ್ವರ ಬಂದು ಹನ್ನೊಂದು ದಿನ, ಹನ್ನೆರಡನೇ ದಿನಕ್ಕೆ ಅಡುಗೆಮನೆಯ ಡಬ್ಬಗಳ ಮುಚ್ಚಳಕ್ಕೆಲ್ಲ ರಬ್ಬರು ಕೂರಿಸಿಬಿಟ್ಟಿದ್ದರು, ಇವತ್ತಿಗೂ ಬೇಳೆ ಡಬ್ಬ ತೆಗೆಯಲು ಇಬ್ಬರು ಬೇಕು, ಅದು ನಗುವ ಮಾತಾಯಿತು, ಆದರೆ ಆ ಹನ್ನೊಂದು ದಿನ ಇವರು ಗೋಡೆ ನೋಡುತ್ತಾ ಕೂತಿದ್ದ ರೀತಿ, ಅದನ್ನು ಅವಳು ಯಾರಿಗೂ ಹೇಳಿಲ್ಲ, ಅಂಥ ಹನ್ನೊಂದು ವರ್ಷ ಬಂದರೆ.

ಎಳಿಯೇ ಮಾರಾಯ್ತಿ, ರಬ್ಬರ್ ಬಿಸಿ ಆರ್ತಾ ಇದೆ, ಡಾಕ್ಟ್ರು ಬಂದ್ರೆ ಮತ್ತೆ ಒಸಡಿನ ಪುರಾಣ ಶುರು ಮಾಡ್ತಾರೆ. ದಾರ ಬಿತ್ತು ರೀ, ಕೆಳಗೆ, ಹುಡುಕ್ತೀನಿ ಇರಿ. ಸುಳ್ಳು, ಎರಡು ಸುತ್ತು ಬಿಚ್ಚಿ ಅವಳೇ ಬಿಟ್ಟದ್ದು, ಬಗ್ಗಿದಳು, ಪೆಡಲುಗಳ ನಡುವೆ ತಲೆ, ಹಳೇ ಗ್ರೀಸಿನ ವಾಸನೆ, ಸವೆದು ಹೊಳೆಯುವ ಕ್ಲಚ್ಚು, ಎಷ್ಟು ಕಾಲು ತುಳಿದಿವೆಯೋ ಇದನ್ನು, ಯೋಚಿಸು, ಬೇಗ ಯೋಚಿಸು, ಸೊಂಟ ನೋವು ಎನ್ನಲೇ, ಬಾತ್ರೂಮು ಎನ್ನಲೇ, ಇಳಿದು ಹೋಗಿ ಬರುವ ನೆಪದಲ್ಲಿ ಹೊರಗಿನಿಂದ — ಇವರು ಸ್ಟೂಲು ಬಿಟ್ಟು ಇಳಿಯುವುದಿಲ್ಲ, ಗಾಜು ಹಿಡಿದಿದ್ದಾರಲ್ಲ, ಇವರ ಕಣ್ಣೆದುರೇ ಬಿಡಿಸಬೇಕಾಗುತ್ತದೆ, ಅದಕ್ಕಿಂತ ಬಾಯಲ್ಲಿ ಹೇಳುವುದೇ ಮರ್ಯಾದೆ, ಅಥವಾ ಸುಮ್ಮನೆ ಎಳೆದುಬಿಡು, ಒಡೆದರೆ ನಾನೇ ಜೋರಾಗಿ ಎಳೆದೆ ಎನ್ನು, ಬೈಸಿಕೋ, ಡಾಕ್ಟರು ಅಳುತ್ತಾರೆ, ಅಳಲಿ, ಅವರು ಅಳಿಸಿದವರೇನು ಕಡಿಮೆಯೇ — ಇಲ್ಲ, ಗಾಜು ಒಡೆದ ಮೇಲೆ ಇವರು ರಬ್ಬರು ಬಿಚ್ಚುತ್ತಾರೆ, ಬಿಚ್ಚಿದರೆ ಮಡಿಕೆಯ ಗುರುತು ಅಲ್ಲೇ ಇರುತ್ತದೆ, ರಬ್ಬರು ಸುಳ್ಳು ಹೇಳುವುದಿಲ್ಲ. ಹೇಳಿಬಿಡುತ್ತೇನೆ. ಮೆತ್ತಗೆ, ಏನೂ ಅಲ್ಲವೆಂಬ ಹಾಗೆ, ರೀ, ಆ ಎಡಮೂಲೆ ಇನ್ನೊಂದ್ಸಲ ನೋಡ್ತೀರಾ, ಎಂದು, ಅಷ್ಟೇ, ದಾರ ಹಿಡಿದು ಸ್ಟಿಯರಿಂಗಿನ ಸಂದಿನಿಂದ ಕಣ್ಣೆತ್ತಿ ನೋಡಿದಳು, ಬೆಳಕಿನ ಎಳೆ ಇರಲಿಲ್ಲ.

ಅಲ್ಲಿ ಇವರ ಕೆನ್ನೆ ಇತ್ತು. ಕಣ್ಣು ಮುಚ್ಚಿಕೊಂಡು, ಎರಡು ಅಂಗೈಯಲ್ಲಿ ಗಾಜು ಆನಿಸಿ ಹಿಡಿದು, ಕೆನ್ನೆಯನ್ನು ರಬ್ಬರಿನ ಅಂಚಿಗೆ ಒತ್ತಿ ಉಜ್ಜುತ್ತಾ ಬರುತ್ತಿದ್ದಾರೆ, ನಿಧಾನ, ಗಾಜಿಗೆ ತಗುಲಿದ ಕಡೆ ಚಪ್ಪಟೆಯಾಗಿ ಬೆಳ್ಳಗಾದ ಕೆನ್ನೆ, ಮೂಲೆಯ ಹತ್ತಿರ ಬಂತು, ಹಾದುಹೋಯಿತು, ಬೆರಳಗಲ ಹಿಂದಕ್ಕೆ ಬಂತು, ನಿಂತಿತು. ಬೆರಳು ನಿಲ್ಲದ ಕಡೆ ನಿಂತಿತು. ಕಣ್ಣು ತೆರೆಯದೆಯೇ ಹೆಬ್ಬೆರಳ ಉಗುರು ತಂದು ಮಡಿಕೆ ಬಿಡಿಸಿದರು, ಮತ್ತೆ ಕೆನ್ನೆ ಇಟ್ಟು ನೋಡಿದರು, ಆಮೇಲೆ ಸರಕ್ಕನೆ ತಲೆ ಹಿಂದಕ್ಕೆ ತೆಗೆದು, ಹಿತ್ತಲ ಕಡೆ ಒಮ್ಮೆ ನೋಡಿ, ಒಳಗೆ ಅವಳ ತಲೆ ಇರಬೇಕಾದ ಕಡೆ ಒಮ್ಮೆ ನೋಡಿ, ತೋಳಿಗೆ ಮುಖ ಒರೆಸಿಕೊಂಡರು, ಅವಳು ಸ್ಟಿಯರಿಂಗಿನ ಕೆಳಗೇ ಉಳಿದಳು, ಕಂಡಿದ್ದೇನೆಂದು ಕಾಣಬಾರದು. ಸಿಕ್ತೇನೇ ದಾರ. ಎಷ್ಟು ತಿಂಗಳಿಂದ ಗೊತ್ತೋ ಇವರಿಗೆ, ನಾಲ್ಕು ದಿನಕ್ಕೊಮ್ಮೆ ಗಡ್ಡ ಹೆರೆಯುತ್ತಿದ್ದವರು ಈಗ ದಿನಾ ಬೆಳಿಗ್ಗೆ ಕನ್ನಡಿ ಮುಂದೆ, ಯಾರಿಗೋ ಈ ಶೃಂಗಾರ ಎಂದು ಇವರ ಅಕ್ಕ ಕೂಡ ಕೆಣಕಿದ್ದಳು, ಸಿಕ್ತು ರೀ, ಸಿಕ್ತು, ಅವಳು ತಲೆ ಎತ್ತಿ ಮಂಡಿಯೂರಿ ದಾರ ಸುತ್ತಿಕೊಂಡಳು, ಎರಡು ಸುತ್ತು, ಎಳಿ ಈಗ, ಈಗ ಸರಿ ಇದೆ, ಮೂಲೆ ಕತ್ತಲಾಗಿದೆ, ಸರಿ ಇದೆ, ಎಳೆಯಬೇಕು, ಎಳೆಯುತ್ತಾಳೆ, ಕೈ ಮಾತ್ರ ಬರುತ್ತಿಲ್ಲ, ಗಾಜಿನಾಚೆ ಇವರು ಏನೂ ಆಗದವರ ಹಾಗೆ ಕಾಯುತ್ತಿದ್ದಾರೆ, ಒರೆಸಿಕೊಂಡರೂ ಹೋಗದ ಸೋಪಿನ ನೊರೆ, ಅದರ ಕೆಳಗೆ ಕಪ್ಪಗೆ ಒಂದು ಗೆರೆ, ಕಿವಿಯಿಂದ ತುಟಿಯವರೆಗೆ, ಕೆನ್ನೆ, ನುಣ್ಣಗೆ ಹೆರೆದ ಕೆನ್ನೆ, ಬೆರಳಗಲ ಹಿಂದಕ್ಕೆ ಬಂದು ನಿಂತ ಕೆನ್ನೆ